ಕಚ್ಚುವವರ ಕುರ್ಚಿ

ಉಗುರು ಕಚ್ಚುವವರನ್ನು ಅವಳು ಬಾಗಿಲಲ್ಲೇ ಗುರುತಿಸಿಬಿಡುತ್ತಿದ್ದಳು. ಕೂದಲಿಗೆ ಬಂದವರು ತಲೆ ಸವರಿಕೊಳ್ಳುತ್ತ ಬರುತ್ತಾರೆ, ಮುಖಕ್ಕೆ ಬಂದವರು ಕಾಲಿಟ್ಟ ಕೂಡಲೇ ಕನ್ನಡಿ ಹುಡುಕುತ್ತಾರೆ. ಇವರು ಮಾತ್ರ ಕದ್ದ ಮಾಲು ಹೊತ್ತವರಂತೆ ಹೆಬ್ಬೆರಳನ್ನು ಮುಷ್ಟಿಯೊಳಗೆ ಹುದುಗಿಸಿಕೊಂಡು, ಗೋಡೆಗೆ ಹತ್ತಿರವಾಗಿ ನಡೆದು ಬಂದು, ಯಾರೂ ಏನೂ ಕೇಳದಿದ್ದರೂ ಸುಮ್ಮನೆ ನಗುತ್ತಾರೆ. ಆ ನಗು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತ ಮೇಲೂ ಟವೆಲ್ಲಿನ ಮೇಲೆ ಕೈ ಇಡಲು ಹಿಂದೆಮುಂದೆ ನೋಡುತ್ತಾರೆ. ಇಟ್ಟರೆ ಬೆರಳು ಮಡಚಿರುತ್ತದೆ. ಬಿಡಿಸಿದರೆ ಪುರಾಣ ಶುರು. ಚಿಕ್ಕಂದಿನ ಅಭ್ಯಾಸ ಕಣ್ರೀ, ಟೆನ್ಷನ್ನು, ಪರೀಕ್ಷೆ ಟೈಮಲ್ಲಿ ಹತ್ತಿಕೊಂಡಿದ್ದು. ಟೆನ್ಷನ್ನಂತೆ. ಮನೆಯಲ್ಲಿ ಯಾರೋ ತುಳಿಯುತ್ತಾರೆ, ಆಫೀಸಿನಲ್ಲಿ ಯಾರೋ ಗದರುತ್ತಾರೆ, ಇವರು ತುಳಿದವರ ಕಾಲಿಗೆ ಬಾಯಿ ಹಾಕುವುದು ಬಿಟ್ಟು ತಮ್ಮ ಬೆರಳಿಗೇ ಹಾಕಿಕೊಳ್ಳುತ್ತಾರೆ. ಕಚ್ಚಬೇಕಾದವರನ್ನು ಕಚ್ಚಲಾರದೆ ತಮ್ಮನ್ನು ತಾವೇ ತಿಂದುಕೊಳ್ಳುವ ಜನ. ನಾಯಿಗೂ ಇದಕ್ಕಿಂತ ಹೆಚ್ಚು ಬುದ್ಧಿ ಇದೆ ಎಂದುಕೊಳ್ಳುತ್ತ ಅವಳು ಬಾಯಲ್ಲಿ, 'ಪರವಾಗಿಲ್ಲ ಮೇಡಂ, ಎಲ್ಲಾರಿಗೂ ಇರುತ್ತೆ' ಎನ್ನುತ್ತಿದ್ದಳು.

ಆ ಜನರಿಂದಲೇ ಅವಳ ಹೊಟ್ಟೆ ತುಂಬುತ್ತಿತ್ತೆನ್ನುವುದು ಬೇರೆ ಮಾತು. ಅಂಗಡಿಸಾಲಿನ ಮೇಲಂತಸ್ತಿನ ಆ ಪಾರ್ಲರಿನಲ್ಲಿ ಇದ್ದವರೆಲ್ಲ ಉಗುರಿಗೆ ಬಣ್ಣ ಬಳಿಯಬಲ್ಲವರು. ಕಚ್ಚಿದ ಉಗುರಿನ ಮೇಲೆ ಹೊಸ ಉಗುರು ಕಟ್ಟಬಲ್ಲವಳು ಅವಳೊಬ್ಬಳೇ. ಅದಕ್ಕೇ ಮೂಲೆಯ ಕಿಟಕಿ ಪಕ್ಕದ ಕುರ್ಚಿಗೆ ಕಚ್ಚುವವರ ಕುರ್ಚಿ ಎಂದೇ ಹೆಸರಾಗಿತ್ತು. 'ಡಾಕ್ಟ್ರಮ್ಮಾ, ನಿಮ್ಮ ಪೇಶೆಂಟ್ ಬಂತು ನೋಡಿ' ಎಂದು ಕೂದಲು ಕತ್ತರಿಸುವವಳು ಕೂಗಿದರೆ ಎಲ್ಲರೂ ನಗುವರು, ಬಂದ ಪೇಶೆಂಟೂ ನಗುವುದು. ಕೆಲಸ ಸಣ್ಣದಲ್ಲ. ಕಚ್ಚಿ ಕಚ್ಚಿ ಮೋಟಾದ ಉಗುರಿನ ಮುಂದೆ ಮಾಂಸ ಉಬ್ಬಿ ದಿಬ್ಬವಾಗಿ ಕೂತಿರುತ್ತದೆ. ಹೊಸ ಉಗುರಿಗೆ ಆಕಾರ ಕೊಡುವ ಅಚ್ಚಿನ ಕಾಗದ ತೂರಿಸೋಣವೆಂದರೆ ಉಗುರಿಗೆ ಅಂಚೇ ಇರುವುದಿಲ್ಲ. ಮೊದಲು ಸುಳ್ಳು ಅಂಚೊಂದನ್ನು ಕಟ್ಟಬೇಕು. ಬ್ರಷ್ಷನ್ನು ದ್ರಾವಣದಲ್ಲಿ ಅದ್ದಿ, ಅಕ್ರಿಲಿಕ್ ಪುಡಿಗೆ ತಾಕಿಸಿ, ತುದಿಯಲ್ಲಿ ನಿಂತ ಹನಿಯನ್ನು ಆ ದಿಬ್ಬದ ಮೇಲೆ ಕೂರಿಸಿ, ಗಟ್ಟಿಯಾದ ಮೇಲೆ ಚರ್ಮದಿಂದ ಮೆಲ್ಲಗೆ ಎಬ್ಬಿಸಿ, ಆ ಸಂದಿಯಲ್ಲಿ ಕಾಗದದ ಅಚ್ಚು ಸಿಕ್ಕಿಸಿ, ಆಮೇಲೆ ನಿಜವಾದ ಸುಳ್ಳನ್ನು ಕಟ್ಟುವುದು. ಎಷ್ಟೇ ಕಟ್ಟಿದರೂ ಬೆರಳ ತುದಿ ದಾಟಿಸಬಾರದು. ಕಚ್ಚುವವರ ಉಗುರಿಗೆ ಹಿಡಿತ ಕಮ್ಮಿ. ಉದ್ದ ಬಿಟ್ಟರೆ ಬಾಗಿಲಿಗೆ ತಾಕಿದಾಗಲೋ, ಹಲ್ಲು ಹಾಕಿದಾಗಲೋ, ಮೀಟುಗೋಲು ಹಾಕಿ ಎಬ್ಬಿಸಿದ ಹಾಗೆ ಒಳಗಿನ ಹುಟ್ಟುಗುರನ್ನೂ ಕಿತ್ತುಕೊಂಡೇ ಏಳುತ್ತದೆ. ಇದನ್ನು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. ಹೇಳುವಾಗ ತನ್ನ ಬೆರಳುಗಳನ್ನು ಟವೆಲ್ಲಿನ ಕೆಳಗೆ ಸರಿಸಿಕೊಳ್ಳುತ್ತಿದ್ದಳು. ದ್ರಾವಣ ತಾಕಿ ತಾಕಿ ಅವುಗಳ ತುದಿ ಬಿರಿದು ಸಿಪ್ಪೆ ಏಳುತ್ತಿತ್ತು. ಕೈಗವಸು ಕೇಳಿದ್ದಕ್ಕೆ ಒಡತಿ, 'ಗ್ಲೌಸ್ ಹಾಕ್ಕೊಂಡ್ರೆ ಆಸ್ಪತ್ರೆ ಥರ ಕಾಣುತ್ತೆ ಕಣೇ, ಬಂದೋರಿಗೆ ಅವಮಾನ ಆಗಲ್ವಾ' ಎಂದಿದ್ದಳು. ಅವಮಾನ ಯಾರಿಗೆ ಆಗಬೇಕೆಂಬುದನ್ನೂ ಒಡತಿಯೇ ಹಂಚುತ್ತಿದ್ದಳು.

ಆ ಮಧ್ಯಾಹ್ನ ಬಾಗಿಲು ತಳ್ಳಿಕೊಂಡು ಬಂದವರು ಇಬ್ಬರು. ಮುಂದಿದ್ದವಳು ಕಪ್ಪು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು, ತಾನೇ ಕೊಂಡ ಜಾಗದಂತೆ ಸುತ್ತ ನೋಡುತ್ತ ಬಂದಳು. ಹಿಂದಿದ್ದವಳು ಗೋಡೆಯ ಕಡೆಗೆ ವಾಲಿಕೊಂಡಿದ್ದಳು. ಎರಡು ಹೆಬ್ಬೆರಳೂ ಮುಷ್ಟಿಯೊಳಗಿದ್ದವು. ಮುಖ ನೋಡುವ ಮೊದಲೇ ಅವಳು ಆ ಮುಷ್ಟಿಯನ್ನು ಗುರುತಿಸಿದಳು. ಆಮೇಲೆ ಮುಖ. ಅಕ್ಕ. ಸ್ವಂತ ಅಕ್ಕ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವಳು, ಗಲ್ಲ ತುಂಬಿಕೊಂಡಿದ್ದಾಳೆ, ಕಿವಿಯಲ್ಲಿ ಒಂದೊಂದೇ ಹರಳು ಮಿನುಗುತ್ತಿದೆ. ನಾಲಗೆಯ ತುದಿಗೆ ಏನೋ ಬಂದು ನಿಂತಿತು. ಅಷ್ಟರಲ್ಲಿ ವರ್ಷಗಟ್ಟಲೆ ಪಳಗಿದ ಬಾಯಿ ತಾನಾಗಿಯೇ ತೆರೆದು, 'ಬನ್ನಿ ಮೇಡಂ, ಇಲ್ಲಿ ಕೂತ್ಕೊಳ್ಳಿ' ಎಂದಿತು. ಅಕ್ಕ ಒಂದು ಕ್ಷಣ ನಿಂತಳು. ಬಂದು ಕೂತಳು.

'ಇವರು ನಮ್ಮ ಅತ್ತಿಗೆ' ಎಂದಳು ಕನ್ನಡಕದವಳು. 'ಮಾಡಿಸ್ಕೊಳ್ಳಿ ಮಾಡಿಸ್ಕೊಳ್ಳಿ ಅಂತ ಹೇಳಿ ಹೇಳಿ ನನ್ನ ನಾಲಗೇನೇ ಸವೆದುಹೋಯ್ತು. ಶೋರೂಮಿಂದು ಓಪನಿಂಗ್ ಇದೆ, ಫೋಟೊ ತೆಗೀತಾರೆ, ರಿಬ್ಬನ್ ಕಟ್ ಮಾಡೋರೇ ಇವರು. ಕತ್ತರಿ ಹಿಡಿದ ಕೈ ಪೇಪರಲ್ಲಿ ಬರುತ್ತೆ. ಈ ಕೈ ಬಂದ್ರೆ ಹೇಗಿರುತ್ತೆ, ನೀವೇ ಹೇಳಿ.'

ಹಾಗಾದರೆ ಇವಳೇ ನಾದಿನಿ. ಅಕ್ಕನ ಮದುವೆಯ ದಿನ ನೀರು ಕೊಡಲು ಹೋದ ತನ್ನ ಕೈಯಿಂದ ಲೋಟ ತೆಗೆದುಕೊಂಡು, 'ಏ ಹುಡುಗಿ, ಇನ್ನೊಂದು ತಾ' ಎಂದ ಹೈಸ್ಕೂಲಿನ ಜಡೆಯವಳು. ಆ ಮದುವೆಯಲ್ಲಿ ಅವಳು ಪಕ್ಕದ ಮನೆಯ ಹುಡುಗಿಯಾಗಿದ್ದಳು. ಯಾರನ್ನೋ ನಂಬಿ ಓಡಿಹೋಗಿ, ಮದುವೆ ಮಾಡಿಕೊಂಡು, ಅವನ ಏಟು ತಾಳದೆ ಬಿಟ್ಟು ಬಂದ ತಂಗಿಯಿದ್ದಾಳೆಂದು ಗೊತ್ತಾದರೆ ಅಂಥ ಸಂಬಂಧ ನಿಲ್ಲುವುದಿಲ್ಲ ಎಂದವಳು ಅಮ್ಮ. ಒಬ್ಬಳೇ ಮಗಳು ಎಂದು ಹೇಳಿಬಿಡೋಣ ಎಂದವಳೂ ಅಮ್ಮ. ತಲೆ ತಗ್ಗಿಸಿಕೊಂಡು ಬೆರಳು ಕಚ್ಚುತ್ತ ಒಪ್ಪಿದವಳು ಅಕ್ಕ. 'ಅಯ್ಯೋ ಅಷ್ಟೇ ತಾನೇ, ನಾನು ಬಡಿಸೋಕೆ ನಿಲ್ತೀನಿ ಬಿಡಿ' ಎಂದು ನಗುತ್ತ ಸೊಂಟಕ್ಕೆ ಸೆರಗು ಸಿಕ್ಕಿಸಿದವಳು ತಾನು. ಆ ನಗು ನೆನಪಾದಾಗಲೆಲ್ಲ ಅವಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುವ ಹಾಗಾಗುತ್ತದೆ. ಮದುವೆಯ ಗುಂಪು ಫೋಟೊದಲ್ಲಿ ಅಂಚಿಗೆ ಅವಳ ಅರ್ಧ ಮೊಣಕೈ ಇದೆ, ಸೌಟಿನೊಂದಿಗೆ.

'ಕೈ ಕೊಡಿ' ಎಂದಳು. ಅಕ್ಕ ಕೊಟ್ಟಳು. ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಾಗ ಅವಳಿಗೆ ನಿಜವಾಗಿಯೂ ಅಸಹ್ಯವಾಯಿತು. ಇಷ್ಟು ಕೆಟ್ಟ ಕೈಯನ್ನು ಈ ಕುರ್ಚಿಯಲ್ಲೂ ಅವಳು ಹೆಚ್ಚು ಕಂಡಿರಲಿಲ್ಲ. ಉಗುರೆಂಬುದು ಬೆರಳ ಹಿಂಭಾಗದಲ್ಲಿ ಮರೆತುಹೋದ ಬಟಾಣಿ ಸಿಪ್ಪೆಯಷ್ಟು. ಉಳಿದದ್ದೆಲ್ಲ ಊದಿದ ಮಾಂಸ. ಸುತ್ತಲಿನ ಚರ್ಮವನ್ನು ಹಲ್ಲಿನಿಂದ ಎಳೆದೆಳೆದು ಸೀಳಿದ ಗೆರೆಗಳು. ಬಲ ಹೆಬ್ಬೆರಳಿನ ಮಗ್ಗುಲಲ್ಲಿ ಹಸಿ ಗಾಯ. ಎಷ್ಟು ತಿಂದಿದ್ದೀಯೇ, ಎಂದುಕೊಂಡಳು. ಅಷ್ಟು ದೊಡ್ಡ ಮನೆ, ಇಂಥ ನಾದಿನಿ, ಊಟಕ್ಕೆ ಕೂತರೆ ನಾಲ್ಕು ಬಗೆ, ಆದರೂ ಹೊಟ್ಟೆ ತುಂಬದೆ ನಿನ್ನನ್ನೇ ತಿಂದಿದ್ದೀಯ. ಚಿಕ್ಕವರಿದ್ದಾಗ ಅಮ್ಮ ಅಕ್ಕನ ಬೆರಳಿಗೆ ಮೆಣಸಿನ ಪುಡಿ ಹಚ್ಚಿ ಮಲಗಿಸುತ್ತಿದ್ದಳು. ಅಕ್ಕ ಅದನ್ನೂ ನೆಕ್ಕಿ, ಕಣ್ಣಲ್ಲಿ ನೀರು ಸುರಿಸುತ್ತ ಕಚ್ಚುತ್ತಿದ್ದಳು. ಕೊನೆಗೆ ಅಮ್ಮ ಕಂಡುಕೊಂಡ ಉಪಾಯ ಅವಳು. 'ಅಕ್ಕನ ಕೈ ಹಿಡ್ಕೊಂಡೇ ಮಲಕ್ಕೋ. ಎಳೆದ್ರೆ ನನ್ನ ಎಬ್ಬಿಸು.' ಒದ್ದೆ ಬೆರಳುಗಳ ಆ ಕೈ ತನ್ನ ಮುಷ್ಟಿಯಲ್ಲಿ ಮೊಲದ ಮರಿಯಂತೆ ಮಿಸುಕುತ್ತಿತ್ತು. ನಿದ್ದೆ ಬಂದು ಸಡಿಲವಾಗುತ್ತಿತ್ತು. ಈಗಲೂ ಕೈ ಬಿಸಿಯಾಗಿಯೇ ಇದೆ. ಅವಳು ಅದರ ಮೇಲೆ ಸ್ಪಿರಿಟ್ಟು ಚಿಮುಕಿಸಿದಳು. ಅಕ್ಕ ತುಟಿ ಬಿಗಿಹಿಡಿದಳು.

'ಈ ಹೆಬ್ಬೆರಳು ಬಿಡಬೇಕಾಗುತ್ತೆ ಮೇಡಂ, ಗಾಯ ಇದೆ' ಎಂದಳು.

'ಅಯ್ಯೋ, ಒಂಬತ್ತಕ್ಕೆ ಹಾಕಿ ಒಂದು ಬಿಡೋದಾ?' ನಾದಿನಿ ಪಕ್ಕದ ಸ್ಟೂಲಿನಿಂದ ಬಗ್ಗಿ ನೋಡಿದಳು. 'ಹಲ್ಲು ಬಿದ್ದ ಬಾಯಿ ಥರ ಕಾಣಲ್ವಾ? ಅತ್ತಿಗೆ, ತಡ್ಕೊತೀರಲ್ವಾ?'

'ಹಾಕಿ' ಎಂದಳು ಅಕ್ಕ. ಬಂದ ಮೇಲೆ ಆಡಿದ ಮೊದಲ ಮಾತು. ತಂಗಿಯ ಮುಖ ನೋಡದೆ, ಮೇಜಿನ ದೀಪಕ್ಕೆ ಹೇಳಿದಳು.

ಹಾಕಿ. ಬಹುವಚನ ಬೇರೆ. ಉಗುರಿಗೆ ಅಕ್ರಿಲಿಕ್ ಹಿಡಿಯಲೆಂದು ಮೊದಲು ಸವರುವ ಪ್ರೈಮರು ಹಸಿ ಚರ್ಮಕ್ಕೆ ತಾಕಿದರೆ ಬೆಂಕಿ ಇಟ್ಟಂತೆ ಉರಿಯುತ್ತದೆ. ಅದಕ್ಕೇ ಬ್ರಷ್ಷನ್ನು ಶೀಶೆಯ ಕಂಠಕ್ಕೆ ಒರೆಸಿ ಒರೆಸಿ, ಒಣಗಿದಷ್ಟು ಮಾಡಿ, ಉಗುರಿನ ನಡುವೆ ಮಾತ್ರ ಮುಟ್ಟಿಸಬೇಕು. ಅವಳು ಒರೆಸಿದಳು, ಆದರೆ ಅಷ್ಟೊಂದು ಒರೆಸಲಿಲ್ಲ. ಅಕ್ಕನ ಮೊಣಕೈ ಜಿಗಿಯಿತು. ಕೈ ಮಾತ್ರ ಅಲುಗಲಿಲ್ಲ. ಕಣ್ಣಂಚಿನಲ್ಲಿ ನೀರು ಕೂತಿತು. 'ಏನಾಯ್ತು ಅತ್ತಿಗೆ?' 'ಏನಿಲ್ಲ, ವಾಸನೆಗೆ.' 'ಹೌದಪ್ಪಾ, ಎಂಥಾ ವಾಸನೆ ರೀ ಇದು, ದಿನಾ ಹೇಗೆ ಕುಡೀತೀರೋ!' ಎಂದು ನಾದಿನಿ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡಳು. ದಿನಾ ಕುಡಿಯುವವಳು ನಕ್ಕಳು. ಒಳಗೆ ಏನೋ ತಣ್ಣಗಾದ ಹಾಗಾಯಿತು, ಆದ ಕೂಡಲೇ ಹುಳಿಯಾಯಿತು. ಕೂಗಬಾರದೇ? ಕೈ ಕಿತ್ತುಕೊಂಡು, ನಿನಗೇನು ತಲೆ ಕೆಟ್ಟಿದೆಯೇನೇ ಎನ್ನಬಾರದೇ? ಹಾಗೆ ಅಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಇವಳು ಹೇಡಿ. ಮೆಣಸಿನ ಪುಡಿ ನೆಕ್ಕಿದ ಹೇಡಿ.

ಕಿರುಬೆರಳಿಗೆ ಸುಳ್ಳು ಅಂಚು ಕಟ್ಟುತ್ತಿರುವಾಗ ನಾದಿನಿ ಕೇಳಿದಳು, 'ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆಯಲ್ಲ?' ಅಕ್ಕನ ಬೆರಳು ಅವಳ ಹಿಡಿತದೊಳಗೆ ಕಲ್ಲಾಯಿತು. ಅವಳು ಹನಿಯನ್ನು ಕೂರಿಸಿ, ಬ್ರಷ್ಷಿನ ಹೊಟ್ಟೆಯಿಂದ ತಟ್ಟಿ, ಆಮೇಲೆ ಉತ್ತರ ಕೊಟ್ಟಳು. ಅಷ್ಟು ಹೊತ್ತು ಆ ಬೆರಳ ನಾಡಿ ಬಡಿದುಕೊಳ್ಳುವುದನ್ನು ಕೇಳಿಸಿಕೊಳ್ಳುತ್ತ ಇದ್ದಳು, ಅದೊಂದು ಸುಖವಾಗಿತ್ತು. 'ನಮ್ಮಂಥೋರ ಮುಖ ಎಲ್ಲಾ ಕಡೆ ಇರುತ್ತೆ ಮೇಡಂ. ಲೋಟ ಕೊಡೋರು, ಬಾಗಿಲು ತೆಗೆಯೋರು.' ನಾದಿನಿಗೆ ಅದು ತಮಾಷೆಯಾಗಿ ಕೇಳಿಸಿತು. 'ಚೆನ್ನಾಗಿ ಮಾತಾಡ್ತೀರಪ್ಪಾ. ಮನೇಲಿ ಯಾರ್ಯಾರಿದ್ದೀರಿ?'

ಕೇಳಬಾರದಾಗಿತ್ತು. ಕೇಳಿದ ಮೇಲೆ ಅವಳಿಗೆ ಹೇಳದಿರಲಾಗಲಿಲ್ಲ. 'ನಾನು, ನಮ್ಮಮ್ಮ. ಅಮ್ಮನಿಗೆ ಸ್ಟ್ರೋಕ್ ಆಗಿದೆ. ಒಂದು ಕಡೆ ಏಳಲ್ಲ. ಮಾತು ಹೋಗಿದೆ.'

'ಅಯ್ಯೋ ಪಾಪ. ಅವರನ್ನ ಯಾರು ನೋಡ್ಕೊತಾರೆ?'

'ಬೆಳಗ್ಗೆ ಎತ್ತಿ ಕೂರಿಸಿ, ಬಟ್ಟೆ ಬದಲಾಯಿಸಿ, ತಿನ್ನಿಸಿ ಬರ್ತೀನಿ. ಪಕ್ಕದ ಮನೆ ಅಜ್ಜಿ ಆಗಾಗ ಇಣುಕ್ತಾರೆ. ಸಂಜೆ ಹೋದ್ರೆ ಮತ್ತೆ ಅದೇ.'

'ಬೇರೆ ಯಾರೂ ಇಲ್ವಾ?'

'ಅಕ್ಕ ಇದಾಳೆ.'

ಅಚ್ಚಿನ ಕಾಗದ ಅಕ್ಕನ ಉಂಗುರ ಬೆರಳಿನಿಂದ ಜಾರಿತು. 'ಅಲುಗಾಡಬೇಡಿ ಮೇಡಂ' ಎಂದು ಅವಳು ಅದನ್ನು ಮತ್ತೆ ಒತ್ತಿ ಕೂರಿಸಿದಳು.

'ಅಕ್ಕ ಬರಲ್ವಾ?'

'ದೊಡ್ಡ ಮನೆ ಸೇರಿದಾಳೆ. ಬಂದ್ರೆ ಬಟ್ಟೆ ಕೊಳೆ ಆಗುತ್ತೇನೋ. ಹೋದ ಮಳೆಗಾಲದಲ್ಲಿ ಒಂದ್ಸಲ ಬಂದು, ಹೊಸಿಲ ಹತ್ರ ನಿಂತು, ಹಣ್ಣಿನ ಚೀಲ ಇಟ್ಟು ಹೋದ್ಲು. ಅಮ್ಮನ ಬಾಯಲ್ಲಿ ಸರಿಯಾಗಿ ಹೊರಡೋ ಪದ ಒಂದೇ ಉಳಿದಿದೆ ಮೇಡಂ, ಅವಳ ಹೆಸರು. ಅನ್ನ ಕಲಸಿ ಬಾಯಿಗೆ ಇಡೋಳು ನಾನು, ಕರೆಯೋದು ಅವಳನ್ನ.'

'ಥೂ! ಎಂಥಾ ಹೆಂಗಸು ರೀ ಅವಳು!' ನಾದಿನಿ ತೊಡೆ ತಟ್ಟಿಕೊಂಡಳು. ಇನ್ನೊಬ್ಬರ ಮನೆಯ ಪಾಪಕ್ಕೆ ಸಿಟ್ಟಾಗುವುದರಲ್ಲಿರುವ ಹಾಯಿ ಅವಳ ಮುಖದ ತುಂಬ ಹರಡಿತು. 'ಹೆತ್ತ ತಾಯಿ ರೀ! ಅಂಥೋರಿಗೆ ನೀರು ಹುಟ್ಟಲ್ಲ. ನಮ್ಮ ಅತ್ತಿಗೇನೇ ನೋಡಿ, ಅವರಮ್ಮ ಎಲ್ಲೋ ದೂರದಲ್ಲಿ ಸೋದರಮಾವನ ಮನೇಲಿದಾರೆ, ಆದ್ರೂ ಒಬ್ಬಳೇ ಮಗಳು ಅಂತ ಎಷ್ಟು ಕೊರಗ್ತಾರೆ. ಅಲ್ವಾ ಅತ್ತಿಗೆ? ಇವರ ಅಕ್ಕನಂಥೋರನ್ನ ಏನ್ ಮಾಡಬೇಕು, ಹೇಳಿ ನೀವೇ.'

ಕೂದಲು ಒಣಗಿಸುವ ಯಂತ್ರ ಯಾಕೋ ಆಗಲೇ ನಿಂತಿತು. ಅವಳು ತಲೆ ಎತ್ತಿ ಅಕ್ಕನನ್ನು ನೇರವಾಗಿ ನೋಡಿದಳು. ಈಗ. ಈಗ ಹೇಳು. ಇಷ್ಟು ದಿನ ಅವಳು ಹಂಬಲಿಸಿದ್ದು ಒಂದನ್ನೇ: ಯಾರಾದರೂ ಮೂರನೆಯವರ ಎದುರಿಗೆ ಅಕ್ಕನ ಬಾಯಿಂದ, ಇವಳು ನನ್ನ ತಂಗಿ, ಎಂಬ ಮಾತು ಬರಬೇಕು. ಹಣ್ಣೂ ಬೇಡ, ಅಮ್ಮನ ಸೇವೆಯ ಪಾಲೂ ಬೇಡ. ಫೋಟೊದ ಅಂಚಿನಲ್ಲಿ ಬಿಟ್ಟ ಆ ಮೊಣಕೈಗೆ ಒಂದು ಮುಖ ಬೇಕು, ಅಷ್ಟೆ. ಅಕ್ಕನ ಎಡಗೈ, ಇನ್ನೂ ಉಗುರು ಕಟ್ಟದ ಕೈ, ಟವೆಲ್ಲಿನಿಂದ ಎದ್ದು ಬಾಯಿಯ ಕಡೆಗೆ ಹೊರಟು, ನಾದಿನಿ ನೋಡುತ್ತಿರುವುದು ಕಂಡು, ಅರ್ಧದಲ್ಲಿ ಕಿವಿಯ ಹರಳನ್ನು ಮುಟ್ಟಿಕೊಂಡು ಕೆಳಗಿಳಿಯಿತು.

'ಇರ್ತಾರೆ, ಅಂಥೋರೂ ಇರ್ತಾರೆ' ಎಂದಳು ಅಕ್ಕ.

ಸರಿ. ಅವಳು ತಲೆ ತಗ್ಗಿಸಿದಳು. ಒಳಗಿದ್ದ ತಿರಸ್ಕಾರ ಈಗ ಕಡಲೆಯಷ್ಟು ಗಟ್ಟಿಯಾಗಿ, ಹಲ್ಲಿಗೆ ಸಿಗುವಂತಾಯಿತು. 'ಉದ್ದ ಎಷ್ಟು ಬಿಡಲಿ ಮೇಡಂ?' ಎಂದಳು. ಕೇಳುವ ಅಗತ್ಯವೇ ಇರಲಿಲ್ಲ. ಕಚ್ಚುವವರಿಗೆ ಉದ್ದದ ಮಾತೇ ಇಲ್ಲ. 'ಉದ್ದಾನೇ ಬಿಡಿ, ನೋಡಿ ಹೀಗೆ' ಎಂದು ನಾದಿನಿ ತನ್ನ ನೀಳ ಉಗುರುಗಳನ್ನು ಗಾಳಿಯಲ್ಲಿ ಬೆಕ್ಕಿನ ಹಾಗೆ ಹರಡಿದಳು. 'ಉದ್ದ ಇದ್ರೆ ಬಾಯಿಗೆ ಹಾಕಕ್ಕೂ ಆಗಲ್ಲ. ಅದೇ ಬೇಕಾಗಿರೋದು. ಮನೇಲಿ ಅಪ್ಪ ಊಟಕ್ಕೆ ಕೂತಾಗ ಇವರು ಬೆರಳು ಬಾಯಿಗೆ ಹಾಕಿದ್ರೆ ಎದ್ದೇ ಹೋಗ್ತಾರೆ. ಅಣ್ಣ ಅಂತೂ ಕೈ ಮೇಲೇ ಹೊಡೀತಾನೆ, ಚಟ್ ಅಂತ, ತಮಾಷೆಗೆ.' ನಾದಿನಿ ನಕ್ಕಳು. ಅಕ್ಕನೂ ನಕ್ಕಳು. ಗೋಡೆಯ ಪಕ್ಕದಲ್ಲಿ ನಡೆದು ಬರುವವರು ನಗುವ ಅದೇ ನಗು.

'ಉದ್ದ ಬಿಟ್ರೆ ನಿಲ್ಲಲ್ಲ' ಎಂದು ಹೇಳಬೇಕಾದ ಮಾತನ್ನು ಅವಳು ಹೇಳಲಿಲ್ಲ. ಗಿರಾಕಿ ಕೇಳಿದ್ದು ಕೊಡುವುದು ಅಂಗಡಿಯ ಧರ್ಮ. ಮೇಡಂಗೆ ಉದ್ದ ಬೇಕು, ಮೇಡಂಗೆ ಉದ್ದ ಸಿಗುತ್ತದೆ. ಕಾಗದದ ಅಚ್ಚಿನ ಗೆರೆಗಳನ್ನು ಒಂದೊಂದಾಗಿ ದಾಟಿಸುತ್ತ ಅವಳು ಕಟ್ಟಿದಳು. ನಡುವೆ ಬೆನ್ನು ಎತ್ತಿ, ಅಂಚು ತೆಳುವಾಗಿಸಿ, ಬುಡದಲ್ಲಿ ಎಳೆಯ ತಿಳಿಗುಲಾಬಿ, ತುದಿಯಲ್ಲಿ ಹಾಲು ಬಿಳಿ. ಇಷ್ಟು ಚೆಂದವಾಗಿ ಅವಳು ಯಾರಿಗೂ ಕಟ್ಟಿರಲಿಲ್ಲ. ಅರ ಹಿಡಿದು ಮಗ್ಗುಲು ತಿದ್ದುವಾಗ ಬಿಳಿ ಧೂಳು ಎದ್ದು ಇಬ್ಬರ ರೆಪ್ಪೆಯ ಮೇಲೂ ಕೂತಿತು. ಇವತ್ತು ಫೋಟೊದಲ್ಲಿ ಕತ್ತರಿ ಹಿಡಿ. ನಾಳೆಯೋ ನಾಡಿದ್ದೋ ನಿನ್ನ ಗಂಡ ತಮಾಷೆಗೆ ಚಟ್ಟೆನ್ನಿಸುತ್ತಾನೆ, ನೀನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಇದಕ್ಕೆ ಹಲ್ಲು ಹಾಕುತ್ತೀಯ. ಬೇರುಸಹಿತ ಬರುತ್ತದೆ. ಆಗ ನನ್ನನ್ನು ನೆನೆಸಿಕೋ. ಹೀಗೆ ಅಂದುಕೊಳ್ಳುತ್ತಿರುವಾಗ ತನ್ನ ಬಿರಿದ ಬೆರಳ ತುದಿಗಳು ಅಕ್ಕನ ಅಂಗೈಯನ್ನು ಎಷ್ಟು ಮೆತ್ತಗೆ ಹಿಡಿದಿವೆಯೆಂಬುದನ್ನು ಕಂಡು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಕಸುಬಿನ ಅಭ್ಯಾಸ, ಅಷ್ಟೆ, ಎಂದು ಹೇಳಿಕೊಂಡಳು.

ಕೊನೆಯ ಹೊಳಪಿನ ಹೊತ್ತಿಗೆ ನಾದಿನಿಯ ಫೋನು ಬಡಿದುಕೊಂಡಿತು. 'ಈ ವಾಸನೇಲಿ ಮಾತಾಡಕ್ಕಾಗಲ್ಲಪ್ಪ' ಎನ್ನುತ್ತ ಅವಳು ಹೊರಗಿನ ಕಾರಿಡಾರಿಗೆ ಹೋದಳು. ಗಾಜಿನ ಬಾಗಿಲಾಚೆ ಅವಳ ಬೆನ್ನು ಕಾಣುತ್ತಿತ್ತು. ಒಡತಿ ಕ್ಯಾಷ್ ಟೇಬಲ್ಲಿನಲ್ಲಿ ಯಾರೊಂದಿಗೋ ವಾದ ಮಾಡುತ್ತಿದ್ದಳು.

'ಅಮ್ಮ ಹೇಗಿದಾಳೆ?' ಎಂದಳು ಅಕ್ಕ.

'ಯಾವ ಅಮ್ಮ, ಮೇಡಂ?'

ಅಕ್ಕ ತನ್ನ ಹೊಸ ಉಗುರುಗಳನ್ನು ನೋಡಿಕೊಂಡಳು, ಬೇರೆ ಯಾರದೋ ಕೈಯನ್ನು ನೋಡುವ ಹಾಗೆ. 'ಮೆಟ್ಟಿಲ ಕೆಳಗೆ ಬೋರ್ಡ್ ನೋಡಿದಾಗ್ಲೇ ನಂಗೆ ಗೊತ್ತಾಯ್ತು, ಪಕ್ಕದ ಮನೆ ಅಜ್ಜಿ ಹೇಳಿದ್ರಲ್ಲ, ನೀನಿರೋದು ಇಲ್ಲೇ ಅಂತ. ತಲೆನೋವು ಅಂತ ವಾಪಸ್ ಹೋಗಬಹುದಿತ್ತು. ಹೋಗ್ಲಿಲ್ಲ.' ಅವಳ ದನಿ ಮೊದಲಿನಂತೆಯೇ ಒಣಗಿ, ಮೂಗಿನಲ್ಲಿ ಸಿಕ್ಕಿಕೊಂಡು ಬರುತ್ತಿತ್ತು. 'ಹತ್ತಿ ಬರ್ತಾ ಅಂದ್ಕೊಂಡೆ. ನನ್ನ ನೋಡಿದ ಕೂಡ್ಲೆ ಇವಳು ಅಕ್ಕಾ ಅಂತ ಕಿರಿಚ್ತಾಳೆ, ಎಲ್ಲಾ ಬಯಲಾಗುತ್ತೆ, ಆಗಲಿ, ಮುಗೀಲಿ. ನನ್ನ ಕೈಲಂತೂ ಆಗಲ್ಲ, ಇವಳ ಕೈಲಿ ಆಗುತ್ತೆ, ಇವಳು ಮೊದ್ಲಿಂದಾನೂ ಧೈರ್ಯದೋಳು ಅಂತ.' ಒಮ್ಮೆ ಗಾಜಿನ ಕಡೆ ನೋಡಿದಳು. 'ನೀನು ಮೇಡಂ ಅಂದೆ.'

ಅವಳಿಗೆ ಉತ್ತರ ಸಿದ್ಧವಾಗಿಯೇ ಇತ್ತು. ನಿನಗೆ ಬಾಯಿರಲಿಲ್ಲವಾ, ಎಂಬುದೊಂದು. ನಿನ್ನ ಹೇಡಿತನಕ್ಕೆ ನನ್ನ ಧೈರ್ಯ ಸಾಲ ಬೇಕಾ, ಎಂಬುದಿನ್ನೊಂದು. ಎರಡೂ ನಾಲಗೆಗೆ ಬಂದು, ಎರಡೂ ಹುಸಿಯಾಗಿ ಕಂಡವು. ಯಾಕೆಂದರೆ ಬನ್ನಿ ಮೇಡಂ ಎಂದಾಗ ತನಗಾದ ಖುಷಿ ಅವಳಿಗೆ ನೆನಪಿತ್ತು. ಅಭ್ಯಾಸದಿಂದ ಬಂದ ಮಾತು ಎಂದು ಇಷ್ಟು ಹೊತ್ತೂ ನಂಬಿಕೊಂಡಿದ್ದಳು. ಅಭ್ಯಾಸಕ್ಕೆ ಅಷ್ಟು ರುಚಿ ಇರುವುದಿಲ್ಲ. ಅಕ್ಕ ತನ್ನನ್ನು ಒಪ್ಪಿಕೊಂಡುಬಿಟ್ಟರೆ ತನ್ನ ಬಳಿ ಏನು ಉಳಿಯುತ್ತಿತ್ತು? ಬೆಳಗ್ಗೆ ಅಮ್ಮನ ಬಟ್ಟೆ ಹಿಂಡುವಾಗ, ಬಸ್ಸಿನಲ್ಲಿ ನಿಂತು ಬರುವಾಗ, ಒಡತಿ ಗದರಿದಾಗ, ಅವಳು ನೆಟ್ಟಗೆ ನಿಂತಿದ್ದುದೇ ಈ ಒಂದು ಗೂಟಕ್ಕೆ ಒರಗಿ: ಒಬ್ಬ ಅಕ್ಕ ಇದ್ದಾಳೆ, ನನಗಿಂತ ಕೀಳು. ತಿರಸ್ಕಾರವನ್ನು ಅವಳು ದಿನಾ ಒಂದಿಷ್ಟು ಕಚ್ಚಿಕೊಂಡೇ ಬದುಕಿದ್ದಳು. ಇಬ್ಬರನ್ನೂ ಹೀಗೆ ಒಬ್ಬರ ಕೈಗೆ ಇನ್ನೊಬ್ಬರನ್ನು ಕಾವಲು ಹಾಕಿ, ಆರಾಮವಾಗಿ ಪಕ್ಕದ ಕೋಣೆಯಲ್ಲಿ ನಿದ್ದೆ ಮಾಡುವವರು ಯಾವಾಗಲೂ ಯಾರೋ ಇರುತ್ತಾರೆ: ಅವತ್ತು ಅಮ್ಮ, ಇವತ್ತು ಆ ಮನೆ. ಅಕ್ಕನ ಬಾಯಿಗೆ ಹಾಕಲು ಆ ಮನೆಯವರಿಗೆ ದನಕ್ಕೆ ಕಟ್ಟುವಂಥ ಕುಕ್ಕೆಯೊಂದು ಬೇಕಿತ್ತು; ಅದನ್ನು ತಾನು ತಿಳಿಗುಲಾಬಿ ಬಣ್ಣದಲ್ಲಿ, ಹತ್ತು ತುಂಡು ಮಾಡಿ, ಇಷ್ಟು ಚೆಂದವಾಗಿ ಹೆಣೆದುಕೊಟ್ಟಿದ್ದಾಳೆ.

ಗಾಜಿನ ಬಾಗಿಲು ತೆರೆಯಿತು. 'ಆಯ್ತಾ? ವಾವ್, ವಾವ್, ಅತ್ತಿಗೆ! ಯಾರ ಕೈ ಇದು!' ನಾದಿನಿ ತನ್ನ ಕೈಯನ್ನು ಅಕ್ಕನ ಕೈಯ ಪಕ್ಕ ಇಟ್ಟು ಫೋಟೊ ಹೊಡೆದಳು. 'ಇನ್ನು ಹಾಕಿ ನೋಡೋಣ ಬಾಯಿಗೆ! ಏಳಿ ಏಳಿ, ಡ್ರೈವರ್ ಕಾಯ್ತಿದಾನೆ.'

ಅಕ್ಕ ಎದ್ದಳು. ಅರ್ಧ ಎದ್ದವಳ ಮಣಿಕಟ್ಟನ್ನು ಅವಳು ಹಿಡಿದುಕೊಂಡಳು.

'ಕೂತ್ಕೋ.'

'ಏನ್ರೀ?' ಎಂದಳು ನಾದಿನಿ.

'ಇದು ನಿಲ್ಲಲ್ಲ. ನಾಡಿದ್ದಷ್ಟೊತ್ತಿಗೆ ಕಿತ್ಕೊಂಡು ಬರುತ್ತೆ, ಒಳಗಿನ ಉಗುರೂ ಸೇರಿ. ಗೊತ್ತಿದ್ದೂ ಕಟ್ಟಿದೆ. ಗಿಡ್ಡ ಮಾಡ್ತೀನಿ.' ಅವಳು ಡ್ರಾಯರಿನಿಂದ ಇಕ್ಕಳದಂಥ ಕತ್ತರಿ ತೆಗೆದು, ಅಕ್ಕನ ಹೆಬ್ಬೆರಳನ್ನು ಎತ್ತಿ ಹಿಡಿದು, ಒತ್ತಿದಳು. ಗಟ್ಟಿ ಸದ್ದಾಯಿತು. ಹಾಲುಬಿಳಿಯ ತುಂಡು ಹಾರಿ ನಾದಿನಿಯ ಚಪ್ಪಲಿಯ ಬಳಿ ಬಿತ್ತು.

'ಏಯ್! ತಲೆ ಸರಿ ಇದೆಯಾ ನಿಮಗೆ? ಮೇಡಂ! ಓನರ್ ಮೇಡಂ! ನೋಡಿ ಇಲ್ಲಿ, ನಿಮ್ಮ ಹುಡುಗಿ ಏನ್ ಮಾಡ್ತಿದಾಳೆ! ಇಷ್ಟು ಹೊತ್ತು ಕೂತು ಮಾಡಿಸ್ಕೊಂಡಿದ್ದು...'

'ನಮ್ಮಕ್ಕ ಇವಳು' ಎಂದಳು ಅವಳು. ಅಂಗಡಿಯಲ್ಲಿ ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ, ಆದರೆ ಕತ್ತರಿಯ ಮೇಲಿನ ಕಣ್ಣು ತೆಗೆಯದೆ. 'ಒಂದೇ ತಾಯಿ ಮಕ್ಕಳು. ಮದುವೇಲಿ ನಿಮಗೆ ನೀರು ಕೊಟ್ಟೋಳು ನಾನೇ. ಕೇಳಿ ಇವಳನ್ನ.'

ಕೂದಲು ಕತ್ತರಿಸುವವಳ ಕೈ ಗಾಳಿಯಲ್ಲೇ ನಿಂತಿತು. ಒಡತಿ ಓಡಿ ಬರುತ್ತಿದ್ದವಳು ಎರಡು ಕುರ್ಚಿಯಾಚೆ ತಡೆದು ನಿಂತಳು. ನಾದಿನಿ ತಂಗಿಯ ಮುಖದಿಂದ ಅಕ್ಕನ ಮುಖಕ್ಕೆ, ಅಲ್ಲಿಂದ ಇಲ್ಲಿಗೆ ನೋಡಿದಳು. ಮೂಗು, ಹಣೆ, ತುಟಿಯ ಕೊಂಕು ಒಂದೊಂದನ್ನೂ ಅಳೆಯುತ್ತಿದ್ದಳು. 'ಅತ್ತಿಗೆ? ಏನಿದು? ಯಾರು ಇವಳು?'

ಅಕ್ಕನ ಮುಖ ಸುಣ್ಣವಾಗಿತ್ತು. 'ಗೊತ್ತಿಲ್ಲ' ಎಂದಳು. 'ಯಾರೋ. ನಂಗೊತ್ತಿಲ್ಲ.'

ಥೂ ನಿನ್ನ, ಎಂದುಕೊಂಡಳು ತಂಗಿ. ಸಿಟ್ಟು ಬರಲೆಂದು ಒಂದು ಕ್ಷಣ ಕಾದಳು. ಬಂತು, ಹಳೆಯದೇ, ರುಚಿಯೂ ಹಳೆಯದೇ. ಈಗ ಕೈ ಕಿತ್ತುಕೊಳ್ಳುತ್ತಾಳೆ, ಬ್ಯಾಗು ತೆಗೆದುಕೊಳ್ಳುತ್ತಾಳೆ, ಮೆಟ್ಟಿಲಿಳಿಯುತ್ತಾಳೆ ಎಂದು ಹಿಡಿತ ಸಡಿಲಿಸಿದಳು. ಕೈ ಹೋಗಲಿಲ್ಲ. ಅವಳ ತೆರೆದ ಅಂಗೈಯ ಮೇಲೆ, ಯಾರೂ ಹಿಡಿಯದೆ, ಬಿಸಿಯಾಗಿ, ಬೆವರಿ ಅಲ್ಲೇ ಕೂತಿತ್ತು.

'ಗೊತ್ತಿಲ್ಲ ಅಂದ್ರೆ ಏಳಿ ಮತ್ತೆ!' ನಾದಿನಿ ಅಕ್ಕನ ಭುಜ ಹಿಡಿದು ಜಗ್ಗಿದಳು. 'ಕೈ ತೆಗೀರಿ!'

'ನನಗೇನೂ ಗೊತ್ತಿಲ್ಲ' ಎಂದಳು ಅಕ್ಕ ಮತ್ತೊಮ್ಮೆ, ಅಳುವ ದನಿಯಲ್ಲಿ, ಯಾರನ್ನೂ ನೋಡದೆ. ಜಗ್ಗಿದ ಭುಜ ಒಂದು ಕಡೆಗೆ ವಾಲಿತು. ಅಂಗೈಯ ಮೇಲಿದ್ದ ಕೈಯಲ್ಲಿ ಉಳಿದ ಬೆರಳುಗಳೆಲ್ಲ ಮಡಚಿಕೊಂಡವು; ತೋರುಬೆರಳೊಂದು ಮೆಲ್ಲನೆ ನೀಳವಾಗಿ, ಕತ್ತರಿಯ ಬಾಯಿಗೆ ಬಂದು ನಿಂತಿತು.